ಹಲ್ಲು ಹೇಳುವುದೆಷ್ಟು, ಮಣ್ಣು ಹೇಳುವುದೆಷ್ಟು: ಕರ್ನೂಲಿನ ಗುಹೆಗಳ ಜಿಂಕೆಗಳು

ನದಿ ದಂಡೆಯಲ್ಲೋ ಗುಹೆಯಲ್ಲೋ ಕಲ್ಲಾದ ಒಂದು ಹಲ್ಲು ಕೈಗೆ ಸಿಕ್ಕರೆ ನಾವು ಕೇಳುವ ಮೊದಲ ಪ್ರಶ್ನೆ ಯಾವುದು? "ಇದು ಯಾವ ಪ್ರಾಣಿದು?" ಎರಡನೆಯದು, "ಎಷ್ಟು ಹಳೇದು?" ಮೊದಲನೆಯದಕ್ಕೆ ಉತ್ತರ ಸಿಕ್ಕರೆ ಎರಡನೆಯದೂ ಸಿಕ್ಕ ಹಾಗೇ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಜಿಂಕೆ ಹಲ್ಲಿನ ವಿಷಯದಲ್ಲಿ ಈ ಲೆಕ್ಕ ಕೈಕೊಡುತ್ತೆ. ಯಾಕೆ ಅನ್ನೋದಕ್ಕೆ ಹೈದರಾಬಾದ್ ಕಡೆಯಿಂದಲೂ ಬಳ್ಳಾರಿ ಕಡೆಯಿಂದಲೂ ಹೋಗಿಬರಬಹುದಾದ ಒಂದು ಜಾಗದ ಕಥೆ ಹೇಳ್ತೀನಿ.

ಬೇತಂಚೆರ್ಲ ಅಂದರೆ ಮನೆ ಕಟ್ಟಿಸಿದವರಿಗೆ ಗೊತ್ತು, ನೆಲಹಾಸಿನ ಕಲ್ಲು ಬರುವ ಊರು. ಹಿಂದೆ ಕರ್ನೂಲು ಜಿಲ್ಲೆ, ಈಗ ನಂದ್ಯಾಲ ಜಿಲ್ಲೆ. ಅಲ್ಲಿನ ಸುಣ್ಣಕಲ್ಲಿನಲ್ಲಿ ಬಿಲ್ಲಸುರ್ಗಂ ಅನ್ನೋ ಗುಹೆಗಳಿವೆ. 1844ರಲ್ಲಿ ಕ್ಯಾಪ್ಟನ್ ನ್ಯೂಬೋಲ್ಡ್ ಎಂಬ ಮದ್ರಾಸ್ ಸೈನ್ಯದ ಅಧಿಕಾರಿ ಇಲ್ಲಿ ಪ್ರಾಣಿಗಳ ಎಲುಬು ಸಿಗುತ್ತವೆ ಅಂತ ಬಂಗಾಳದ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಬರೆದ. ಭೂವಿಜ್ಞಾನ ಇವನ ಹೊಟ್ಟೆಪಾಡಲ್ಲ, ಹುಚ್ಚು. ಬಳ್ಳಾರಿ ಸೀಮೆಯ ಬೂದಿದಿಬ್ಬಗಳ ಬಗ್ಗೆಯೂ ಮೊದಮೊದಲು ಬರೆದವರಲ್ಲಿ ಇವನೊಬ್ಬ. 1850ರಲ್ಲಿ ಮಹಾಬಳೇಶ್ವರದಲ್ಲಿ ತೀರಿಕೊಂಡ. ಗುಹೆಯ ಕೆಲಸ ಅಲ್ಲಿಗೇ ನಿಂತಿತು.

ಸುಮಾರು 40 ವರ್ಷ ಆದಮೇಲೆ ಲಂಡನ್ನಿನಲ್ಲಿದ್ದ ಹಕ್ಸ್‌ಲಿ, ಡಾರ್ವಿನ್ನನ ಪರ ವಾದ ಮಾಡ್ತಿದ್ದನಲ್ಲ ಅದೇ ಹಕ್ಸ್‌ಲಿ, ಮದ್ರಾಸಿನ ಗವರ್ನರ್ ಗ್ರಾಂಟ್ ಡಫ್‌ಗೆ ಈ ಗುಹೆಗಳನ್ನು ಸರಿಯಾಗಿ ಶೋಧಿಸಿ ಅಂತ ಒತ್ತಾಯಿಸಿದ. ಯುರೋಪಿನ ಗುಹೆಗಳಲ್ಲಿ ಆದಿಮಾನವನ ಆಯುಧಗಳ ಜೊತೆಗೇ ಅಳಿದುಹೋದ ಪ್ರಾಣಿಗಳ ಎಲುಬು ಸಿಕ್ಕಿದ್ದವು. ಇಲ್ಲೂ ಸಿಗಬಾರದೇಕೆ? ಕೆಲಸ ರಾಬರ್ಟ್ ಬ್ರೂಸ್ ಫೂಟ್‌ಗೆ ಬಂತು. 1863ರಲ್ಲಿ ಮದ್ರಾಸಿನ ಪಲ್ಲಾವರದಲ್ಲಿ ಶಿಲಾಯುಗದ ಉಪಕರಣ ಗುರುತಿಸಿದವನು. ನಮ್ಮ ಗೋಕಾಕದ ಹತ್ತಿರ ಸಿಕ್ಕ ಖಡ್ಗಮೃಗದ ಪಳೆಯುಳಿಕೆಯನ್ನು 1874ರಲ್ಲಿ ಲೋಕಕ್ಕೆ ತಿಳಿಸಿದವನೂ ಇವನೇ. ಗುಹೆಯ ಅಗೆತದ ದೊಡ್ಡ ಭಾಗವನ್ನು ಮಾಡಿದ್ದು ಇವನ ಮಗ ಹೆನ್ರಿ ಫೂಟ್. ಅವನು ಫಿರಂಗಿ ದಳದ ಲೆಫ್ಟಿನೆಂಟ್! ಅಪ್ಪ ವೃತ್ತಿಯಿಂದ ಭೂವಿಜ್ಞಾನಿ, ಮಗ ಹವ್ಯಾಸಿ ಅನ್ನಬಹುದು.

ಎಲುಬುಗಳನ್ನೆಲ್ಲ ಗುರುತಿಸಿದವನು ರಿಚರ್ಡ್ ಲಿಡೆಕ್ಕರ್. 1886ರಲ್ಲಿ ಅವನ ಪಟ್ಟಿ ಅಚ್ಚಾಯಿತು. ಅದರಲ್ಲಿ ಕಡವೆ ಇದೆ, ಚುಕ್ಕೆ ಜಿಂಕೆ ಇದೆ, ಕಾಡುಕುರಿ ಇದೆ, ಅಂಗೈ ಮೇಲೆ ನಿಲ್ಲಿಸಬಹುದೇನೋ ಅನ್ನಿಸುವಷ್ಟು ಪುಟ್ಟ ಬರ್ಕವೂ ಇದೆ.

ಇದನ್ನೆಲ್ಲ ಹೇಗೆ ಗುರುತು ಹಿಡೀತಾರೆ? ಇಲ್ಲಿ ನಮ್ಮ ಭಾಷೆಯೇ ಮೊದಲ ತೊಡಕು. ಚುಕ್ಕೆ ಇರೋದನ್ನೂ ಜಿಂಕೆ ಅಂತೀವಿ, ಕೃಷ್ಣಮೃಗವನ್ನೂ ಜಿಂಕೆ ಅಂತೀವಿ. ಉತ್ತರ ಕರ್ನಾಟಕದಲ್ಲಿ ಅದನ್ನ ಚಿಗರಿ ಅಂತಾರೆ. ಹುಬ್ಬಳ್ಳಿ-ಧಾರವಾಡದ ಬಸ್ಸಿಗೂ ಅದೇ ಹೆಸರು. ಆದರೆ ಎಲುಬಿನ ಲೆಕ್ಕದಲ್ಲಿ ಕೃಷ್ಣಮೃಗ ದನ-ಆಡುಗಳ ಸಂಬಂಧಿ, ಚುಕ್ಕೆ ಜಿಂಕೆಗೆ ದೂರದ ನೆಂಟ. ಕೊಂಬು ನೋಡಿದ್ರೆ ಗೊತ್ತಾಗುತ್ತೆ. ಜಿಂಕೆ, ಕಡವೆಗಳದು ಕವಲುಗೊಂಬು: ಗಂಡಿಗೆ ಮಾತ್ರ, ಪೂರ್ತಿ ಮೂಳೆ, ಬಿದ್ದುಹೋಗಿ ಮತ್ತೆ ಬೆಳೆಯುತ್ತೆ. ಚಿಗರಿಯದು ಮೂಳೆಯ ತಿರುಳಿನ ಮೇಲೆ ಕೊಂಬಿನ ಕವಚ, ಜೀವಮಾನಕ್ಕೆ ಒಂದೇ ಜೊತೆ. ಕವಲುಗೊಂಬು ಸಿಕ್ಕರೆ ಅದರ ಬುಡ ನೋಡಬೇಕು. ಬುಡ ಬಳೆಯಂತೆ ಉಬ್ಬಿ, ಕೆಳಗೆ ಒರಟಾಗಿ ಮುಗಿದಿದ್ದರೆ ತಾನಾಗಿ ಕಳಚಿ ಬಿದ್ದದ್ದು. ತಲೆಬುರುಡೆಯ ಚೂರು ಅಂಟಿಕೊಂಡಿದ್ದರೆ ಪ್ರಾಣಿ ಸತ್ತಾಗ ಕೊಂಬು ತಲೆ ಮೇಲೇ ಇತ್ತು ಅಂತ ಅರ್ಥ. ಗುಹೆಯಲ್ಲಿ ಬೇಟೆ ತಿಂದರೋ, ಕಾಡಿನಲ್ಲಿ ಬಿದ್ದಿದ್ದ ಕೊಂಬನ್ನ ಹೆಕ್ಕಿ ತಂದರೋ ಅನ್ನೋ ಪ್ರಶ್ನೆಗೆ ಈ ಒಂದು ಚೂರು ಸಾಕ್ಷಿ.

ಆದರೆ ಹವ್ಯಾಸಿಗಳಿಗೆ ಇಡೀ ಕೊಂಬು ಸಿಗೋದು ಅಪರೂಪ, ಹಲ್ಲು ಸಿಗುತ್ತೆ. ದವಡೆ ಹಲ್ಲನ್ನ ಮೇಲಿಂದ ನೋಡಿದರೆ ಅರ್ಧಚಂದ್ರದ ಗೆರೆಗಳು ಕಾಣುತ್ತವೆ. ದನಕ್ಕೂ ಹಾಗೇ, ಕಡವೆಗೂ ಹಾಗೇ, ಅದಕ್ಕೇ ಗೊಂದಲ. ಈಗ ಹಲ್ಲನ್ನ ಪಕ್ಕಕ್ಕೆ ತಿರುಗಿಸಿ. ದನದ ಹಲ್ಲು ಎತ್ತರ, ಹುಲ್ಲು ಅಗಿದು ಸವೆದರೂ ಬಹುಕಾಲ ಬಾಳಬೇಕಲ್ಲ. ಕಡವೆಯದು ಗಿಡ್ಡ. ಕೆಳದವಡೆಯ ಹಲ್ಲಿನಲ್ಲಿ ಎರಡು ಉಬ್ಬುಗಳ ನಡುವೆ ದನಕ್ಕೆ ಉದ್ದದ ಕಂಬದಂಥ ಏಣು ಇದ್ದರೆ, ಕಡವೆಗೆ ಬುಡದಲ್ಲಿ ಒಂದು ಪುಟ್ಟ ಮೊನೆ. ಹಿಂಗಾಲಿನ ಉದ್ದ ಮೂಳೆ ಸಿಕ್ಕರಂತೂ ಇನ್ನೂ ಒಳ್ಳೇದು: ಅದರ ಮುಂಭಾಗದಲ್ಲಿ ಇಳಿಯುವ ಕಾಲುವೆ ಜಿಂಕೆಗಳಲ್ಲಿ ಕೆಳತುದಿಗೆ ಮೂಳೆಯ ಸಣ್ಣ ಸೇತುವೆಯಿಂದ ಮುಚ್ಚಿರುತ್ತೆ, ದನ-ಆಡುಗಳಲ್ಲಿ ತೆರೆದಿರುತ್ತೆ. ಚೆನ್ನಾಗಿ ಸವೆದ ಒಂಟಿ ಹಲ್ಲಾದರೆ ಪರಿಣತರೂ "ಜಿಂಕೆ ಜಾತಿ" ಅಂತ ಬರೆದು ಸುಮ್ಮನಾಗ್ತಾರೆ, ಅದು ಪ್ರಾಮಾಣಿಕ ಉತ್ತರ.

ಸರಿ, ಕಡವೆ ಅಂತ ಗೊತ್ತಾಯ್ತು. ಎಷ್ಟು ಹಳೇದು? ಲಿಡೆಕ್ಕರ್ ಪಟ್ಟಿಯಲ್ಲಿ ಅಳಿದುಹೋದವು ಅಂತ ಹೊಸ ಹೆಸರು ಪಡೆದ ಪ್ರಾಣಿಗಳೂ ಇದ್ದವು, ಉದಾಹರಣೆಗೆ ಕರ್ನೂಲಿನದೇ ಹೆಸರಿನ ಒಂದು ಖಡ್ಗಮೃಗ. ಆದರೆ ಆ ಜಿಂಕೆಗಳು? ಚುಕ್ಕೆ ಜಿಂಕೆ, ಕಡವೆ ಇವತ್ತೂ ಪಕ್ಕದ ನಲ್ಲಮಲ ಕಾಡಿನಲ್ಲಿ ಮೇಯ್ತಿವೆ! ಹೋದ ವರ್ಷ ಸತ್ತದ್ದರ ಹಲ್ಲೂ, ಲಕ್ಷ ವರ್ಷ ಹಿಂದಿನದೂ ಆಕಾರದಲ್ಲಿ ಒಂದೇ. ಫೂಟ್ ತಂದ ಎಲುಬುಗಳ ನಿಜವಾದ ತೊಂದರೆ ಇದು. ಅವನು ಗುಹೆಯಲ್ಲಿ ಮನುಷ್ಯ ಮಾಡಿದ ಎಲುಬಿನ ಆಯುಧಗಳಿವೆ ಅಂದ, ಯುರೋಪಿನವುಗಳಿಗೆ ಹೋಲಿಸಿದ. ಹಲವರು ನಂಬಲಿಲ್ಲ. ಎಲುಬು ಪ್ರಾಣಿ ಕಡಿದು ಮುರಿದದ್ದಾ, ಮನುಷ್ಯ ಕೆತ್ತಿದ್ದಾ, ಯಾವ ಕಾಲದ್ದು, ತೀರ್ಮಾನ ಮಾಡೋಕೆ ಪೆಟ್ಟಿಗೆಯಲ್ಲಿದ್ದ ಎಲುಬು ಒಂದೇ ಸಾಲಲಿಲ್ಲ.

ಅದಕ್ಕೇ 1970ರ ದಶಕದಲ್ಲಿ ಎಂ.ಎಲ್.ಕೆ. ಮೂರ್ತಿ ಅದೇ ಸೀಮೆಯ ಮುಚ್ಚಟ್ಲ ಚಿಂತಮಾನು ಗವಿಯಲ್ಲಿ ಪದರ ಪದರವಾಗಿ ಹೊಸದಾಗಿ ಅಗೆದರು. ಸುಟ್ಟ ಮಣ್ಣಿನಿಂದ ಕಾಲ ಅಳೆದಾಗ ಸುಮಾರು 17,000 ವರ್ಷ ಅಂತ ಬಂತು. ಎಲುಬಿನ ಉಪಕರಣಗಳೂ ಸಿಕ್ಕವು. ಫೂಟ್ ಸತ್ತು 60 ವರ್ಷ ಆದಮೇಲೆ ಅವನ ಮಾತಿಗೆ ಬಲ ಬಂತು.

ಆಮೇಲೆ ಬಿಲ್ಲಸುರ್ಗಂನಲ್ಲೇ ಮತ್ತೆ ಅಗೆತ ನಡೀತು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್ ಅದರಲ್ಲಿ ಮುಖ್ಯರು. ಪ್ಯಾಟ್ರಿಕ್ ರಾಬರ್ಟ್ಸ್ ಮತ್ತು ಇವರೆಲ್ಲ ಸೇರಿ 2014ರಲ್ಲಿ ಪ್ರಕಟಿಸಿದ ಫಲಿತಾಂಶ ಬೆರಗು ಹುಟ್ಟಿಸುವಂಥದ್ದು: ಗುರುತಿಸಿದ 21 ಬಗೆಯ ಸಸ್ತನಿಗಳಲ್ಲಿ 20 ಬಗೆಗಳು ಕನಿಷ್ಠ 1 ಲಕ್ಷ ವರ್ಷದಿಂದ, ಕೆಲವು 2 ಲಕ್ಷ ವರ್ಷದಿಂದ, ಇವತ್ತಿನವರೆಗೂ ಉಳಿದುಬಂದಿವೆ. ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ ಅದೇ ಅವಧಿಯಲ್ಲಿ ದೊಡ್ಡ ಪ್ರಾಣಿಗಳು ಸಾಲುಸಾಲಾಗಿ ಅಳಿದವು. ಇಲ್ಲಿನವು ಕೆಲವು ಜಾಗ ಬಿಟ್ಟವು, ತುಂಡುತುಂಡಾದ ಕಾಡುಗಳಲ್ಲಿ ಹೇಗೋ ಬದುಕಿದವು. ಈ ಮಾತನ್ನ ಹೇಳೋಕೆ ಆಗಿದ್ದು ಪ್ರತಿ ಹಲ್ಲೂ ಯಾವ ಪದರದ್ದು ಅಂತ ಬರೆದಿಟ್ಟಿದ್ದರಿಂದ, ಆ ಪದರಗಳ ಕಾಲ ಅಳೆದಿದ್ದರಿಂದ.

ಗೋದಾವರಿ, ನರ್ಮದಾ, ಘೋಡ್ ನದಿಗಳ ದಂಡೆಗಳಲ್ಲೂ ಪಳೆಯುಳಿಕೆ ಸಿಗುತ್ತವೆ. ಪುಣೆ, ನಾಶಿಕದ ಕಡೆ ಓಡಾಡುವವರಿಗೆ ಒಂದು ಮಾತು: ದಂಡೆಯ ಗೋಡೆಯಲ್ಲಿ ಹಲ್ಲು ಕಂಡರೆ ಕೀಳಬೇಡಿ. ಪಕ್ಕದಲ್ಲೊಂದು ನಾಣ್ಯ ಇಟ್ಟು ಫೋಟೋ ತೆಗೀರಿ, ಆಮೇಲೆ ದೂರ ನಿಂತು ಇಡೀ ದಂಡೆಯದೂ ಒಂದು. ಫೋನಿನಲ್ಲಿ ಜಾಗದ ಗುರುತು, ನೀರಿನಿಂದ ಎಷ್ಟು ಎತ್ತರ ಅನ್ನೋದು ಬರೆದುಕೊಳ್ಳಿ. ಪುಣೆಯ ಡೆಕ್ಕನ್ ಕಾಲೇಜಿನ ಪುರಾತತ್ವ ವಿಭಾಗಕ್ಕೆ ಅದನ್ನ ತೋರಿಸಿದರೆ, ಅವರು ಕೇಳುವ ಮೊದಲ ಪ್ರಶ್ನೆ "ಎಲ್ಲಿ ಸಿಕ್ತು?" ಅಂತಲೇ ಇರುತ್ತೆ. ಚೆನ್ನೈನವರು ಎಗ್ಮೋರ್ ಮ್ಯೂಸಿಯಂಗೆ ಹೋದಾಗ ಫೂಟ್ ಸಂಗ್ರಹ ನೋಡಿ ಬನ್ನಿ, 1904ರಲ್ಲಿ ಅಲ್ಲಿಗೆ ಸೇರಿದ್ದು.