ಪಿಶಾಚಿ ಸಿಕ್ಕಿತು, ಬರೆದವರೆಲ್ಲಿ?

ಹಳೆಯ ಗಾಥಿಕ್ ಕತೆಗಳಲ್ಲಿ ರಕ್ತಪಿಶಾಚಿ ಹೇಗೆಲ್ಲ ರೂಪ ಬದಲಿಸಿತು ಎಂದು ಹುಡುಕಹೊರಟರೆ ಪಿಶಾಚಿ ಬೇಗ ಸಿಗುತ್ತದೆ. ಕತೆ ಬರೆದವರು ಸಿಗುವುದೇ ಕಷ್ಟ. 1819ರಲ್ಲಿ ಲಂಡನ್ನಿನ ಪತ್ರಿಕೆಯೊಂದು ‘ದಿ ವ್ಯಾಂಪೈರ್’ ಅಚ್ಚು ಹಾಕಿದ್ದು ಕವಿ ಬೈರನ್ ಹೆಸರಿನಲ್ಲಿ. ಬರೆದವನು ಬೈರನ್ನನ ವೈದ್ಯನಾಗಿದ್ದ ಜಾನ್ ಪೊಲಿಡೊರಿ. ಅದರ ಲಾರ್ಡ್ ರುಥ್‌ವೆನ್ ದೊಡ್ಡಮನೆಗಳ ಔತಣಗಳಲ್ಲಿ ಓಡಾಡುವ ಶ್ರೀಮಂತ. ಗುಟ್ಟು ತಿಳಿದವನಿಂದ ಆಣೆ ಹಾಕಿಸಿಕೊಂಡು ಬಾಯಿ ಕಟ್ಟಿಬಿಡುತ್ತಾನೆ. 1840ರ ದಶಕದಲ್ಲಿ ಕಂತಿಗೊಂದು ಪೆನ್ನಿಯಂತೆ ಮಾರಾಟವಾದ ‘ವಾರ್ನಿ’ಗಂತೂ ಲೇಖಕನ ಹೆಸರೇ ಇರಲಿಲ್ಲ. ಆ ಪಿಶಾಚಿ ತನ್ನ ಬಾಳಿಗೆ ತಾನೇ ಬೇಸತ್ತು ವೆಸೂವಿಯಸ್ ಜ್ವಾಲಾಮುಖಿಗೆ ಹಾರುತ್ತದೆ.

ಮೆಲ್ಬರ್ನ್‌ನ ‘ಆಸ್ಟ್ರೇಲಿಯನ್ ಜರ್ನಲ್’ 1867ರಲ್ಲಿ ಪ್ರಕಟಿಸಿದ ‘ದಿ ವೈಟ್ ಮೇನಿಯಾಕ್’ ಕತೆಯಲ್ಲಿ ಪಿಶಾಚಿಯೇ ಇಲ್ಲ. ಇರುವುದು ಒಬ್ಬ ಚೆಲುವೆ, ಅವಳನ್ನು ನೋಡಲು ಹೋಗುವ ಡಾಕ್ಟರು, ಒಳಗೆಲ್ಲ ಬಿಳಿಯೇ ಬಿಳಿಯಾದ ಒಂದು ಮನೆ. ಕೆಂಪು ಕಣ್ಣಿಗೆ ಬಿದ್ದರೆ ಅವಳಲ್ಲಿ ನರಮಾಂಸದ ಹುಚ್ಚು ಕೆರಳುತ್ತದೆ. ಶಾಪದ ಜಾಗಕ್ಕೆ ಇಲ್ಲಿ ಕಾಯಿಲೆ ಬಂದಿದೆ.

ಬರೆದವರು ‘ವೇಫ್ ವಾಂಡರ್’. ಯಾರಿವರು? 1950ರ ದಶಕದಲ್ಲಿ ಪುಸ್ತಕ ಸಂಗ್ರಾಹಕ ಜೆ.ಕೆ. ಮೊಯಿರ್ ಇದರ ಬೆನ್ನು ಹತ್ತಿದರು; ಆಮೇಲೆ ಲೂಸಿ ಸಸೆಕ್ಸ್ ಆ ಬದುಕನ್ನು ದಾಖಲೆ ದಾಖಲೆಯಾಗಿ ಜೋಡಿಸಿದರು. ಹೆಸರು ಮೇರಿ ಫಾರ್ಚೂನ್. ಬೆಲ್‌ಫಾಸ್ಟ್‌ನಲ್ಲಿ ಹುಟ್ಟಿ, ಕೆನಡಾದಿಂದ 1855ರಲ್ಲಿ ವಿಕ್ಟೋರಿಯಾದ ಚಿನ್ನದ ಗಣಿಗಳಿಗೆ ಬಂದಾಕೆ. ನಲವತ್ತು ವರ್ಷ ಪತ್ತೇದಾರಿ ಕತೆ ಬರೆದರೂ ಓದುಗರಿಗೆ ನಿಜನಾಮ ತಿಳಿದಿರಲಿಲ್ಲ. ಪೊಲೀಸರಿಗೆ ಮಾತ್ರ ತಿಳಿದಿತ್ತು. ಸಾಕ್ಷಿ ಹೇಳಲು ಬೇಕಾಗಿದ್ದ ಈಕೆಯ ಚಹರೆ 1874ರ ಪೊಲೀಸ್ ಗೆಜೆಟ್‌ನಲ್ಲಿದೆ: ವಯಸ್ಸು ನಲವತ್ತು, ಎತ್ತರದ ತೆಳ್ಳನೆ ಮೈ, ಬಿಳಿಚಿದ ಮುಖ, ಕಪ್ಪು ಟೋಪಿ, ಹಳೆಯ ಬೂಟು, ಕುಡಿತದ ಚಟ. ಪತ್ರಿಕೆಗಳಿಗೆ ಬರೆಯುವವಳೆಂಬ ಮಾತೂ ಅದರಲ್ಲಿ ಸೇರಿದೆ.

ಸಿಡ್ನಿಯ ಮಿಚೆಲ್ ಲೈಬ್ರರಿಯಲ್ಲಿರುವ ಹಸ್ತಪ್ರತಿಯದು ಇನ್ನೊಂದು ಬಗೆಯ ಕತೆ. 1920ರ ದಶಕದಲ್ಲಿ ಡೇವಿಡ್ ಯುನೈಪನ್ ಎಂಬ ಆದಿವಾಸಿ ಲೇಖಕ ತಮ್ಮ ಜನರ ಕತೆಗಳನ್ನು ಕಲೆಹಾಕಿ ಬರೆದರು. ಅವುಗಳಲ್ಲಿ ಯಾರ-ಮಾ-ಯಾ-ಹೂ ಎಂಬ ಕೆಂಪು ಕುಳ್ಳನಿದ್ದಾನೆ. ಕೋರೆಹಲ್ಲಿರಲಿ, ಅವನಿಗೆ ಹಲ್ಲೇ ಇಲ್ಲ. ರಕ್ತ ಹೀರುವುದು ಕೈಕಾಲಿನ ಬೆರಳ ತುದಿಗಳಿಂದ. ಅತ್ತಿ ಜಾತಿಯ ಮರದಿಂದ ಹಗಲಲ್ಲೇ ಮೈಮೇಲೆ ಬೀಳುತ್ತಾನೆ, ನುಂಗುತ್ತಾನೆ, ನೀರು ಕುಡಿದು ಕಕ್ಕುತ್ತಾನೆ. ಹೊರಬಿದ್ದವನು ಬದುಕಿರುತ್ತಾನೆ, ಕೊಂಚ ಗಿಡ್ಡವಾಗಿ. ಮತ್ತೆ ಮತ್ತೆ ಸಿಕ್ಕಿಬಿದ್ದರೆ ಅವನೂ ಕೆಂಪು ಕುಳ್ಳನೇ. ರುಥ್‌ವೆನ್ ಕೈಗೆ ಸಿಕ್ಕವರು ಸಾಯುತ್ತಾರೆ; ಇವನ ಕೈಗೆ ಸಿಕ್ಕವರು ತಾವು ಯಾರೆಂಬುದನ್ನೇ ಕಳೆದುಕೊಳ್ಳುತ್ತಾರೆ.

ಲೇಖಕನಿಗೆ ಆದದ್ದೂ ಅಷ್ಟೇ. ಸಿಡ್ನಿಯ ಪ್ರಕಾಶಕರಾದ ಆ್ಯಂಗಸ್ ಆ್ಯಂಡ್ ರಾಬರ್ಟ್‌ಸನ್ ಹಕ್ಕುಗಳನ್ನು ವಿಲಿಯಂ ರ‍್ಯಾಮ್ಸೆ ಸ್ಮಿತ್‌ಗೆ ಮಾರಿದರು. 1930ರಲ್ಲಿ ಕತೆಗಳು ಆತನ ಹೆಸರಿನಲ್ಲೇ ಬಂದವು. ಸ್ಟೀಫನ್ ಮ್ಯೂಕಿ ಮತ್ತು ಆ್ಯಡಂ ಶೂಮೇಕರ್ ಹಸ್ತಪ್ರತಿ ಆಧರಿಸಿ ಸಂಪಾದಿಸಿದ ಪುಸ್ತಕವನ್ನು ಮೆಲ್ಬರ್ನ್ ವಿಶ್ವವಿದ್ಯಾಲಯದ ಪ್ರಕಾಶನ ಯುನೈಪನ್ ಹೆಸರಿನಲ್ಲಿ ತಂದದ್ದು 2001ರಲ್ಲಿ. ಐವತ್ತು ಡಾಲರ್ ನೋಟಿನ ಮೇಲೆ ಅವರ ಮುಖ ಅಚ್ಚಾಗಿ ಆಗಲೇ ಆರು ವರ್ಷವಾಗಿತ್ತು.