ಕೇರಿನ್: ತವರಿಗೆ ಮರಳಿದ ಪದ

ಜಪಾನಿನಲ್ಲಿ ‘ಕೇರಿನ್’ ಎಂಬ ಪದವನ್ನು ಎರಡು ಬಗೆಯಲ್ಲಿ ಬರೆಯುತ್ತಾರೆ. ಚೀನೀ ಮೂಲದ ಎರಡು ಚಿತ್ರಾಕ್ಷರಗಳಲ್ಲಿ ಬರೆದರೆ ಅದು ಜನ ದುಡ್ಡು ಕಟ್ಟಿ ನೋಡುವ ಸೈಕಲ್ ಜೂಜಿನ ಪಂದ್ಯ. ಕತಕಾನ ಲಿಪಿಯಲ್ಲಿ ಬರೆದರೆ ಒಲಿಂಪಿಕ್ಸ್‌ನಲ್ಲಿ, ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ನಡೆಯುವ ಸ್ಪರ್ಧೆ. ಕತಕಾನ ಹೆಚ್ಚಾಗಿ ಪರದೇಶದಿಂದ ಬಂದ ಮಾತುಗಳಿಗೆ ಬಳಕೆಯಾಗುವ ಲಿಪಿ. ಉಚ್ಚಾರ ಒಂದೇ, ಹುಟ್ಟೂರೂ ಒಂದೇ. ಆದರೂ ಹೊರನಾಡು ಸುತ್ತಿ ಬಂದ ಪದಕ್ಕೆ ತವರಿನವರು ಪರಕೀಯರ ಅಕ್ಷರ ತೊಡಿಸಿದ್ದಾರೆ. ಹೀಗೇಕಾಯಿತು ಎಂದು ಹುಡುಕಹೊರಟರೆ ಪದದ ಜೊತೆಗೆ ಆಟದ ಕಥೆಯೂ ಬಿಚ್ಚಿಕೊಳ್ಳುತ್ತದೆ.

‘ಕೇ’ ಎಂದರೆ ಪೈಪೋಟಿ, ‘ರಿನ್’ ಎಂದರೆ ಗಾಲಿ. ಮೊದಲ ಅಕ್ಷರ ಕುದುರೆ ಜೂಜಿನ ಹೆಸರಾದ ‘ಕೇಬ’ದಲ್ಲೂ ಇದೆ. ಅದೇ ಅಕ್ಷರ ದೋಣಿ ಪಂದ್ಯದ ಹೆಸರಿನಲ್ಲಿ ‘ಕ್ಯೋ’ ಎಂದು ಓದಿಸಿಕೊಂಡು ‘ಕ್ಯೋತೇ’ ಆಗುತ್ತದೆ. ಚೀನಾದಿಂದ ಬಂದ ಒಂದೇ ಅಕ್ಷರಕ್ಕೆ ಜಪಾನಿನಲ್ಲಿ ಎರಡು ಓದು ನಿಂತದ್ದು ನಮಗೇನೂ ಹೊಸದಲ್ಲ. ಆಶ್ಚರ್ಯವನ್ನೂ ಅಚ್ಚರಿಯನ್ನೂ ಒಟ್ಟಿಗೆ ಇಟ್ಟುಕೊಂಡು ಬಾಳುವವರು ನಾವು.

ಹೆಚ್ಚು ಹೊತ್ತು ನಿಲ್ಲಬೇಕಾದದ್ದು ‘ರಿನ್’ ಬಳಿ. ಬೌದ್ಧ ಗ್ರಂಥಗಳನ್ನು ಸಂಸ್ಕೃತ, ಪ್ರಾಕೃತಗಳಿಂದ ಚೀನೀ ಭಾಷೆಗೆ ತಂದವರು ‘ಚಕ್ರ’ ಎಂಬಲ್ಲಿ ಈ ಅಕ್ಷರವನ್ನೇ ಇಟ್ಟರು. ಧರ್ಮಚಕ್ರ ಜಪಾನೀ ಬಾಯಲ್ಲಿ ‘ಹೋರಿನ್’, ಚಕ್ರವರ್ತಿ ‘ತೆನ್‌ರಿನ್‌ಓ’, ಸಂಸಾರದ ಹುಟ್ಟುಸಾವಿನ ಸುತ್ತು ‘ರಿನ್ನೆ’. ಕೇರಿನ್ ಸಂಸ್ಕೃತದಿಂದ ಬಂತು ಎಂದು ಇದರಿಂದ ಹೇಳಲಾಗದು. ಅಕ್ಷರ ಚೀನಾದ್ದೇ, ಅಲ್ಲಿ ಅದು ಬಂಡಿಯ ಗಾಲಿಯಾಗಿಯೇ ಮೊದಲಿಂದ ಇತ್ತು. ನಮ್ಮ ಚಕ್ರದ ಅರ್ಥ ಅದರೊಳಗೆ ಹೋಗಿ ನೆಲೆಸಿತು, ಅಷ್ಟೆ. ಆದರೂ ಸಾರನಾಥದಲ್ಲಿ ಬುದ್ಧ ತಿರುಗಿಸಿದ ಚಕ್ರಕ್ಕೂ ಜೂಜಿನ ಪಂದ್ಯದ ಸೈಕಲ್ ಗಾಲಿಗೂ ಒಂದೇ ಅಕ್ಷರ ಸಂದಿರುವುದು ನನಗಂತೂ ರೋಮಾಂಚನದ ಸಂಗತಿ.

ಅದೇ ‘ರಿನ್’ 1936ರಲ್ಲಿ ಇನ್ನೊಂದು ಕೆಲಸಕ್ಕೆ ಒದಗಿತು. 1940ರ ಒಲಿಂಪಿಕ್ಸ್ ಟೋಕಿಯೊಗೆ ಸಿಕ್ಕಿತ್ತು. ಒಲಿಂಪಿಕ್ಸ್ ಎಂಬ ಉದ್ದನೆಯ ಹೆಸರು ಪತ್ರಿಕೆಯ ತಲೆಬರಹದಲ್ಲಿ ಹಿಡಿಸುತ್ತಿರಲಿಲ್ಲ. ಯೋಮಿಯುರಿ ಪತ್ರಿಕೆಯ ಕಾವಾಮೊತೊ ನೊಬುಮಾಸ ಐದು ಬಳೆಗಳ ಲಾಂಛನ ನೋಡಿ ‘ಗೋರಿನ್’, ಅಂದರೆ ಐದು ಚಕ್ರ, ಎಂಬ ಪದ ಕಟ್ಟಿದರು. ಯುದ್ಧದಿಂದಾಗಿ ಆ ಕ್ರೀಡಾಕೂಟ ನಡೆಯಲೇ ಇಲ್ಲ. ಪದ ಮಾತ್ರ ಇಂದಿಗೂ ಅಲ್ಲಿನ ತಲೆಬರಹಗಳಲ್ಲಿ ಓಡುತ್ತಿದೆ.

ಕೇರಿನ್ ಹುಟ್ಟಿದ್ದು ಯುದ್ಧ ಮುಗಿದ ಮೇಲೆ, ಕ್ಯೂಶು ದ್ವೀಪದ ಉತ್ತರ ತುದಿಯ ಕೊಕುರಾದಲ್ಲಿ. 1945ರ ಆಗಸ್ಟ್ 9ರಂದು ಅಣುಬಾಂಬ್ ಹೊತ್ತ ವಿಮಾನ ಮೊದಲು ಬಂದದ್ದು ಇದೇ ಊರಿನ ಮೇಲಕ್ಕೆ. ಗುರಿ ಕಾಣದೆ ಅದು ನಾಗಸಾಕಿಯತ್ತ ತಿರುಗಿತು. ಹಾಗೆ ಉಳಿದ ಊರಿನ ಬೊಕ್ಕಸವೂ ದೇಶದ ಉಳಿದ ಊರುಗಳಂತೆ ಬರಿದಾಗಿತ್ತು. 1948ರ ಆಗಸ್ಟ್‌ನಲ್ಲಿ ಸೈಕಲ್ ಪಂದ್ಯಗಳ ಕಾಯ್ದೆ ಜಾರಿಗೆ ಬಂತು. ಪಂದ್ಯದ ಮೇಲೆ ಜನ ಹಣ ಕಟ್ಟಬಹುದು, ಅದರ ಪಾಲು ಸ್ಥಳೀಯ ಆಡಳಿತಕ್ಕೂ ಸೈಕಲ್ ಉದ್ಯಮಕ್ಕೂ ಸಲ್ಲಬೇಕು ಎಂಬುದು ಅದರ ಸಾರ. ಅದೇ ವರ್ಷದ ನವೆಂಬರ್ 20ರಂದು ಕೊಕುರಾದಲ್ಲಿ ಮೊದಲ ಪಂದ್ಯ ನಡೆಯಿತು. ಕೇರಿನ್ ಎಂಬ ಪದದ ಬೆನ್ನಿಗೆ ಅಂದೇ ಜೂಜಿನ ನಂಟು ಬಿತ್ತು. ಆ ನಂಟಿನಲ್ಲಿ ಊರು ಕಟ್ಟುವ ದುಡ್ಡೂ ಇತ್ತು.

ಜೂಜು ಇದ್ದಲ್ಲಿ ಪರಿಭಾಷೆ ಬೆಳೆಯುತ್ತದೆ. ಹೆಚ್ಚೆಂದರೆ ಒಂಬತ್ತು ಸವಾರರು, ಒಂಬತ್ತು ಬಣ್ಣ: ಒಂದಕ್ಕೆ ಬಿಳಿ, ಎರಡಕ್ಕೆ ಕಪ್ಪು, ಮೂರಕ್ಕೆ ಕೆಂಪು, ಹೀಗೆ ಒಂಬತ್ತಕ್ಕೆ ನೇರಳೆ. ಮೊದಲಿಗೇ ಮುನ್ನುಗ್ಗಿ ಗಾಳಿಗೆ ಎದೆಯೊಡ್ಡುವುದು ‘ಸೆಂಕೋ’. ಬೇರೆಯವರ ಬೆನ್ನಿಗೆ ಅಂಟಿಕೊಂಡಿದ್ದು ಕೊನೆಯಲ್ಲಿ ಹಿಂದಿಕ್ಕುವುದು ‘ಓಯ್ಕೊಮಿ’. ‘ಮಕುರಿ’ ಎಂದರೆ ಹಿಂದಿನಿಂದ ಹೊರಬದಿಯಲ್ಲಿ ಬಂದು ಮುಂದಿನವರೆಲ್ಲರನ್ನೂ ಒಮ್ಮೆಗೇ ದಾಟಿ ಹೋಗುವುದು. ಅಂಗಿಯ ತೋಳು ಮಡಚುವುದಕ್ಕೂ ಅಲ್ಲಿ ಇದೇ ಕ್ರಿಯಾಪದ. ಎಲ್ಲಕ್ಕಿಂತ ಮುಖ್ಯವಾದದ್ದು ‘ಲೈನ್’. ಒಂದೇ ಪ್ರಾಂತದ ಸವಾರರು ಇಬ್ಬರು ಮೂವರು ಸೇರಿ ಸಾಲು ಕಟ್ಟುತ್ತಾರೆ. ಮುಂದಿನವನು ಗಾಳಿ ಸೀಳುತ್ತಾನೆ. ಎರಡನೆಯವನು ಹಿಂದಿನಿಂದ ನುಗ್ಗುವ ಪರ ಊರಿನವರನ್ನು ತಡೆದು ಅವನ ಋಣ ತೀರಿಸುತ್ತಾನೆ. ಯಾರು ಯಾರ ಹಿಂದೆ ನಿಲ್ಲುತ್ತಾರೆ ಎಂಬುದನ್ನು ಪಂದ್ಯಕ್ಕೆ ಮುಂಚೆಯೇ ಬಹಿರಂಗಪಡಿಸುವುದು ರೂಢಿ. ಹಣ ಕಟ್ಟುವವನು ಕಾಲಿನ ಬಲದ ಜೊತೆಗೆ ನಂಟಿನ ಬಲವನ್ನೂ ಲೆಕ್ಕ ಹಾಕುತ್ತಾನೆ.

ಜೂಜಿನ ಕೇರಿನ್‌ನ ಈ ಗರಡಿಯಿಂದ ಬಂದವರು ಕುರುಮೆ ಊರಿನ ನಕಾನೊ ಕೋಯಿಚಿ. 1977ರಿಂದ 1986ರವರೆಗೆ, ಒಂದು ವರ್ಷವೂ ತಪ್ಪದೆ, ವೃತ್ತಿಪರರ ಸ್ಪ್ರಿಂಟ್‌ನಲ್ಲಿ ಹತ್ತು ಬಾರಿ ವಿಶ್ವ ಚಾಂಪಿಯನ್ ಆದರು. ಸ್ಪ್ರಿಂಟ್ ಬೇರೆಯೇ ಜಾಯಮಾನದ ಆಟ. ಇಬ್ಬರೇ ಇಬ್ಬರು. ಹಿಂದಿರುವವನಿಗೆ ಗಾಳಿಯ ಮರೆ ಸಿಗುವುದರಿಂದ ಮುಂದೆ ಹೋಗಲು ಇಬ್ಬರಿಗೂ ಮನಸ್ಸಿಲ್ಲ. ತೆವಳುತ್ತಾರೆ, ಕೆಲವೊಮ್ಮೆ ಪೆಡಲ್ ಮೇಲೆ ನಿಂತಲ್ಲೇ ತೂಗುತ್ತ ಕಾಯುತ್ತಾರೆ. ಕೇರಿನ್‌ನಲ್ಲಿ ಈ ಕಾಯುವಿಕೆಗೆ ಎಡೆಯಿಲ್ಲ. ಮುಂದೊಬ್ಬ ವೇಗ ಹಾಕಿಕೊಡುವವನು ಎಲ್ಲರನ್ನೂ ಎಳೆದುಕೊಂಡು ಹೋಗುತ್ತಾನೆ.

1980ರಲ್ಲಿ ಫ್ರಾನ್ಸ್‌ನ ಬೆಜಾನ್ಸೋನ್‌ನಲ್ಲಿ ಕೇರಿನ್ ವಿಶ್ವ ಚಾಂಪಿಯನ್‌ಷಿಪ್ ಸೇರಿತು. ಮೊದಲ ಚಿನ್ನ ಆಸ್ಟ್ರೇಲಿಯಾದ ಡ್ಯಾನಿ ಕ್ಲಾರ್ಕ್‌ಗೆ. ಪದ ಗಡಿ ದಾಟುವಾಗ ತನ್ನ ಸಾಮಾನನ್ನೆಲ್ಲ ಹೊತ್ತೊಯ್ಯಲಿಲ್ಲ. ಜೂಜು ತವರಲ್ಲೇ ಉಳಿಯಿತು. ಪ್ರಾಂತದ ನಂಟು ಕಟ್ಟಿದ ಲೈನ್ ಉಳಿಯಿತು, ಬಣ್ಣಗಳು ಉಳಿದವು. ಜಪಾನಿನಲ್ಲಿ ಸೈಕಲ್ ಮೇಲೆಯೇ ಕೂತು ವೇಗ ಹಾಕಿಕೊಡುವ ಸಹಸವಾರನ ಜಾಗಕ್ಕೆ ‘ಡೆರ್ನಿ’ ಎಂಬ ಪುಟ್ಟ ಮೋಟಾರು ಬಂತು. ಅದು 1938ರಲ್ಲಿ ಅದನ್ನು ತಯಾರಿಸಿದ ಫ್ರಾನ್ಸ್‌ನ ಮನೆತನದ ಹೆಸರು. ಈಗಿನ ನಿಯಮದಲ್ಲಿ 250 ಮೀಟರ್ ಟ್ರ್ಯಾಕ್‌ನ ಆರು ಸುತ್ತು. ಡೆರ್ನಿ ಗಂಟೆಗೆ 30 ಕಿಲೋಮೀಟರ್‌ನಿಂದ ಏರುತ್ತ 50 ಮುಟ್ಟಿ, ಮೂರು ಸುತ್ತು ಉಳಿದಿರುವಾಗ ಬದಿಗೆ ಸರಿಯುತ್ತದೆ. ಡೆರ್ನಿಯ ಹಿಂದೆ ಯಾವ ಜಾಗ ಎಂಬುದು ಚೀಟಿ ಎತ್ತಿ ತೀರ್ಮಾನ. ಆಮೇಲೆ ಪ್ರತಿಯೊಬ್ಬನೂ ಒಂಟಿ.

2000ದಲ್ಲಿ ಸಿಡ್ನಿ ಒಲಿಂಪಿಕ್ಸ್ ಸೇರಿದ್ದು ಈ ಕಳಚಿಕೊಂಡ ಕೇರಿನ್. ಚಿನ್ನ ಫ್ರಾನ್ಸ್‌ನ ಫ್ಲೋರಿಯಾನ್ ರೂಸೊಗೆ. ಆಮೇಲೆ ಬ್ರಿಟನ್ನಿನ ಕ್ರಿಸ್ ಹಾಯ್ ಎರಡು ಬಾರಿ, ಜೇಸನ್ ಕೆನ್ನಿ ಎರಡು ಬಾರಿ ಗೆದ್ದರು. ಪುರುಷರ ಕೇರಿನ್‌ನಲ್ಲಿ ಜಪಾನ್‌ಗೆ ದಕ್ಕಿದ ಮೊದಲ ಒಲಿಂಪಿಕ್ ಪದಕ 2008ರಲ್ಲಿ ನಗಾಯ್ ಕಿಯೊಫುಮಿ ಗೆದ್ದ ಕಂಚು. ಟೋಕಿಯೊ ಒಲಿಂಪಿಕ್ಸ್‌ನ ಟ್ರ್ಯಾಕ್ ಸ್ಪರ್ಧೆಗಳು 2021ರಲ್ಲಿ ನಡೆದದ್ದು ಇಜುವಿನಲ್ಲಿ, ಕೇರಿನ್ ಸವಾರರನ್ನು ತಯಾರು ಮಾಡುವ ಶಾಲೆಯ ಪಕ್ಕದಲ್ಲೇ. ಅಲ್ಲಿನ ಕೇರಿನ್ ಫೈನಲ್‌ನಲ್ಲಿ ಡೆರ್ನಿ ಸರಿದ ಕೂಡಲೇ ಕೆನ್ನಿ ಹಿಂದಿನವನ ಗಮನ ತಪ್ಪಿದ್ದನ್ನು ಕಂಡು ಮೂರು ಸುತ್ತು ಒಬ್ಬರೇ ಹಾರಿಹೋದರು. ಹಳೆಯ ಕೊಕುರಾದವರು ನೋಡಿದ್ದರೆ ಅದನ್ನು ಸೆಂಕೋ ಎಂದೇ ಕರೆಯುತ್ತಿದ್ದರು. ಸ್ಪ್ರಿಂಟ್, ಕೇರಿನ್, ತಂಡ ಸ್ಪ್ರಿಂಟ್ ಮೂರರಲ್ಲೂ 2024ರ ಪ್ಯಾರಿಸ್‌ನಲ್ಲಿ ಚಿನ್ನ ಗೆದ್ದವರು ನೆದರ್ಲೆಂಡ್ಸ್‌ನ ಹ್ಯಾರಿ ಲಾವ್ರೇಸನ್.

ನಮ್ಮವರ ಬಾಯಿಗೂ ಈ ಪದ ಬಂದಾಗಿದೆ. 2018ರಲ್ಲಿ ಸ್ವಿಟ್ಜರ್ಲೆಂಡ್‌ನ ಏಗಲ್‌ನಲ್ಲಿ ಕಾರ್ ನಿಕೋಬಾರ್‌ನ ಈಸೊ ಆಲ್ಬೆನ್ ಕಿರಿಯರ ವಿಶ್ವ ಚಾಂಪಿಯನ್‌ಷಿಪ್‌ನ ಕೇರಿನ್‌ನಲ್ಲಿ ಬೆಳ್ಳಿ ಗೆದ್ದರು. ಪತ್ರಿಕೆಗಳಲ್ಲಿ ಕೀರಿನ್, ಕೆರಿನ್, ಕೈರಿನ್ ಎಂದೆಲ್ಲ ಬರೆಯುವುದುಂಟು. ಜಪಾನಿನಲ್ಲಿ ಅದು ದೀರ್ಘ ಏ. ಹ್ರಸ್ವ ಎ, ದೀರ್ಘ ಏ ಎರಡನ್ನೂ ಬೇರೆ ಬೇರೆ ಬರೆಯಬಲ್ಲ ಕನ್ನಡ ಲಿಪಿಗೆ ‘ಕೇರಿನ್’ ಎಂದು ಬರೆಯುವುದು ಸಲೀಸು. ಹಾಗೇ ಬರೆಯೋಣ ಎಂಬುದು ನನ್ನ ಒತ್ತಾಯ.

2022ರ ಜೂನ್‌ನಲ್ಲಿ ದೆಹಲಿಯ ಏಷ್ಯನ್ ಚಾಂಪಿಯನ್‌ಷಿಪ್‌ನ ಸ್ಪ್ರಿಂಟ್ ಫೈನಲ್‌ನಲ್ಲಿ ಮಣಿಪುರದ ರೊನಾಲ್ಡೊ ಸಿಂಗ್ ಬೆಳ್ಳಿ ಗೆದ್ದರು. ಅವರನ್ನು ಸೋಲಿಸಿದವರು ಜಪಾನಿನ ಯಮಸಾಕಿ ಕೆಂತೊ. ಅದೇ ಯಮಸಾಕಿ 2024ರ ಅಕ್ಟೋಬರ್‌ನಲ್ಲಿ ಡೆನ್ಮಾರ್ಕ್‌ನ ಬಾಲರಪ್‌ನಲ್ಲಿ ಕೇರಿನ್ ವಿಶ್ವ ಚಾಂಪಿಯನ್ ಆದರು. 1987ರಲ್ಲಿ ಹೊಂದಾ ಹರುಮಿ ಗೆದ್ದ ಮೇಲೆ ಜಪಾನಿನ ಪುರುಷರಿಗೆ ಈ ಪಟ್ಟ ಸಿಕ್ಕಿರಲಿಲ್ಲ. ಊರಿನಲ್ಲಿ ಅವರ ಉದ್ಯೋಗದ ಹೆಸರು ಚಿತ್ರಾಕ್ಷರಗಳ ಕೇರಿನ್, ಹೊರಗೆ ಗೆದ್ದ ಪಟ್ಟದ ಹೆಸರು ಕತಕಾನದ ಕೇರಿನ್.