ಗೋಡೆಯ ಮೇಲಿನ ಹಡಗು ಯಾರದು?

ಹೊಸ ಮನೆ ಕಟ್ಟಿದವರಿಗೆ ಹಜಾರದ ಗೋಡೆಯಲ್ಲಿ ದೊಡ್ಡದೊಂದು ಚಿತ್ರ ಇರಬೇಕೆಂಬ ಆಸೆ ಸಹಜ. ದೇವರ ಪಟ, ಹಿರಿಯರ ಭಾವಚಿತ್ರಗಳ ಸಾಲಿಗೆ ಈಗ ಕ್ಯಾನ್ವಾಸ್ ಬಟ್ಟೆಯ ಮೇಲೆ ಮುದ್ರಿಸಿದ ಚಿತ್ರಗಳೂ ಸೇರಿವೆ. ಹಾಯಿ ಬಿಚ್ಚಿದ ಹಡಗುಗಳು, ಫಿರಂಗಿಯ ಹೊಗೆ, ಮುರಿದು ಬೀಳುತ್ತಿರುವ ಹಾಯಿಮರಗಳು ತುಂಬಿದ ಕಡಲ ಕಾಳಗದ ದೃಶ್ಯಗಳೂ ಅವುಗಳಲ್ಲಿ ಉಂಟು. ಇವು ಬಹುತೇಕ ಯೂರೋಪಿನ ಹಳೆಯ ತೈಲಚಿತ್ರಗಳ ಪ್ರತಿಗಳು. 1805ರ ಟ್ರಫಾಲ್ಗರ್ ಕದನ ಇವುಗಳಲ್ಲಿ ಹೆಸರಾದದ್ದು.

ಹುಣಸೂರು ತಾಲ್ಲೂಕಿನ ಕಟ್ಟೆಮಳಲವಾಡಿಯವರು ಸಮುದ್ರ ನೋಡಬೇಕಾದರೆ ಘಟ್ಟ ಇಳಿಯಬೇಕು. ಹೊಗೆಸೊಪ್ಪು ಬೆಳೆಯುವ ಈ ಸೀಮೆಗೂ ಕಡಲ ಕಾಳಗಕ್ಕೂ ಎಲ್ಲಿಯ ನಂಟು ಎಂದು ಕೇಳಬಹುದು. ನಂಟು ಇದೆ. ಅಂಗಡಿಯಲ್ಲಿ ಸಿಗುವ ಚಿತ್ರಗಳಲ್ಲಿ ಮಾತ್ರ ಅದು ಕಾಣುವುದಿಲ್ಲ.

ಬಣ್ಣ ಮತ್ತು ಸುಣ್ಣ

ಕಟ್ಟೆಮಳಲವಾಡಿಯ ಕಟ್ಟೆ ದಾಟಿದ ಲಕ್ಷ್ಮಣತೀರ್ಥದ ನೀರು ಮುಂದೆ ಕಾವೇರಿಯನ್ನು ಸೇರಿ ಶ್ರೀರಂಗಪಟ್ಟಣವನ್ನು ಬಳಸಿ ಹರಿಯುತ್ತದೆ. ಅಲ್ಲಿ ನದಿಯ ದಂಡೆಯ ಮೇಲೆ ಟಿಪ್ಪು ಸುಲ್ತಾನ್ 1784ರಲ್ಲಿ ಕಟ್ಟಿಸಿದ ದರಿಯಾ ದೌಲತ್ ಅರಮನೆಯಿದೆ. ಅದರ ಪಶ್ಚಿಮದ ಗೋಡೆಯನ್ನು ಪೊಳ್ಳಿಲೂರು ಕದನದ ಚಿತ್ರ ತುಂಬಿದೆ. 1780ರ ಸೆಪ್ಟೆಂಬರ್ 10ರಂದು ಹೈದರ್ ಮತ್ತು ಟಿಪ್ಪುವಿನ ಸೈನ್ಯ ಕರ್ನಲ್ ಬೇಯ್ಲಿಯ ಇಂಗ್ಲಿಷ್ ಪಡೆಯನ್ನು ಸೋಲಿಸಿದ ಪ್ರಸಂಗ ಅದು. ಸಿಡಿಯುತ್ತಿರುವ ಮದ್ದಿನ ಬಂಡಿ, ಪಲ್ಲಕ್ಕಿಯಲ್ಲಿ ಕುಳಿತ ಬೇಯ್ಲಿ ಎಲ್ಲವೂ ಅದರಲ್ಲಿವೆ.

ಯುದ್ಧದ ಹಗೆ ಅರಮನೆಯ ಗೋಡೆಯಲ್ಲಷ್ಟೇ ನಿಲ್ಲಲಿಲ್ಲ. ಶ್ರೀರಂಗಪಟ್ಟಣದ ಮುಖ್ಯ ಬೀದಿಗಳ ಮನೆಗಳ ಮೇಲೂ ಇಂಗ್ಲಿಷರನ್ನು ಹಂಗಿಸುವ ಚಿತ್ರಗಳಿದ್ದವೆಂದು, ಮುಂದೆ ಮೈಸೂರಿನ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ ತನ್ನ ಇತಿಹಾಸ ಗ್ರಂಥದಲ್ಲಿ ಬರೆದಿದ್ದಾನೆ. ಹುಲಿಯ ಹಿಡಿತಕ್ಕೆ ಸಿಕ್ಕಿ ನಡುಗುವ ಇಂಗ್ಲಿಷನೂ ಅವುಗಳಲ್ಲಿದ್ದ. 1791ರಲ್ಲಿ ಬೆಂಗಳೂರು ಕೋಟೆ ಕಾರ್ನ್‌ವಾಲಿಸನ ಕೈಸೇರಿದಾಗ ಆ ಚಿತ್ರಗಳಿಗೆ ಸುಣ್ಣ ಬಳಿಸಲಾಯಿತು. ವೈರಿ ಊರೊಳಗೆ ಬಂದರೆ ಮನೆಯ ಗೋಡೆಯೇ ಸಾಕ್ಷಿ ಹೇಳೀತೆಂಬ ಅಂಜಿಕೆ ಇದ್ದಿರಬೇಕು.

ಪೊಳ್ಳಿಲೂರಿನ ಚಿತ್ರವೂ ಅಳಿಸಿಹೋಗುವುದರಲ್ಲಿತ್ತು. ಟಿಪ್ಪು ಮಡಿದ ನಂತರ ದರಿಯಾ ದೌಲತ್ತಿನಲ್ಲಿ ವಾಸವಿದ್ದ ಆರ್ಥರ್ ವೆಲ್ಲೆಸ್ಲಿ ಅದನ್ನು ಸರಿಪಡಿಸಿದ. ಮತ್ತೆ ಮಾಸಿದಾಗ ಗವರ್ನರ್ ಜನರಲ್ ಡಾಲ್‌ಹೌಸಿ 1855ರಲ್ಲಿ ಪುನಃ ಬರೆಯಿಸಲು ಆಜ್ಞೆ ಮಾಡಿದ. ಇಂಗ್ಲಿಷರ ಸೋಲಿನ ಚಿತ್ರವನ್ನು ಇಂಗ್ಲಿಷರೇ ಉಳಿಸಿದರು.

ಕಡಲ ಪಾಲು

'ದರಿಯಾ ದೌಲತ್' ಎಂದರೆ ಕಡಲ ಸಂಪತ್ತು. ಆದರೆ ಅದರ ಗೋಡೆಯ ಕದನ ನೆಲದ ಮೇಲಿನದು. ಕಡಲಿನಲ್ಲಿ ಮೈಸೂರಿನ ಅದೃಷ್ಟ ಬೇರೆಯೇ ಇತ್ತು. 1763ರಲ್ಲಿ ಬಿದನೂರನ್ನು ಗೆದ್ದ ಹೈದರನಿಗೆ ಕರಾವಳಿಯ ಬಂದರುಗಳು ದಕ್ಕಿದವು. ಅವನು ಹಡಗುಪಡೆ ಕಟ್ಟಿಸಿದ. ಪೊಳ್ಳಿಲೂರಿನಲ್ಲಿ ಗೆದ್ದು ಮೂರು ತಿಂಗಳಾಗುವಷ್ಟರಲ್ಲಿ, 1780ರ ಡಿಸೆಂಬರಿನಲ್ಲಿ, ಇಂಗ್ಲಿಷ್ ಅಡ್ಮಿರಲ್ ಎಡ್ವರ್ಡ್ ಹ್ಯೂಸ್ ಮಂಗಳೂರಿನಲ್ಲಿದ್ದ ಆ ಹಡಗುಗಳನ್ನು ನಾಶಮಾಡಿದ.

ಆಮೇಲೆ ಹೈದರ್ ಕಡಲ ಮೇಲೆ ಫ್ರೆಂಚರನ್ನೇ ನಂಬಬೇಕಾಯಿತು. ಫ್ರೆಂಚ್ ನೌಕಾಧಿಪತಿ ಸಫ್ರೆನ್ ಇದೇ ಹ್ಯೂಸನೊಡನೆ 1782ರ ಫೆಬ್ರುವರಿಯಿಂದ 1783ರ ಜೂನ್‌ವರೆಗೆ ಐದು ಬಾರಿ ಕಾದಿದ. 1782ರ ಜುಲೈನಲ್ಲಿ ಕಡಲೂರಿನಲ್ಲಿ ಹೈದರನನ್ನು ಭೇಟಿಯಾದ. ಈ ಭೇಟಿಯ ಚಿತ್ರ 1789ರಲ್ಲಿ ಫ್ರಾನ್ಸಿನಲ್ಲಿ ಅಚ್ಚಾಯಿತು. ಐದು ಕದನಗಳೂ ಯೂರೋಪಿನ ಚಿತ್ರಕಾರರಿಗೆ ವಸ್ತುವಾದವು.

ಟಿಪ್ಪು ತಂದೆಗಿಂತ ದೊಡ್ಡ ಕನಸು ಕಂಡ. 1796ರಲ್ಲಿ ಹೊರಡಿಸಿದ ಆಜ್ಞೆಯಂತೆ 20 ದೊಡ್ಡ ಯುದ್ಧನೌಕೆ, 20 ಫ್ರಿಗೇಟ್ ಹೀಗೆ ಒಟ್ಟು 40 ಹಡಗುಗಳು ಸಿದ್ಧವಾಗಬೇಕಿತ್ತು. ಮಂಗಳೂರು, ಮಿರ್ಜಾನ್ ಮತ್ತು ಸದಾಶಿವಗಡದ ಬಳಿ ಹಡಗುಕಟ್ಟೆಗಳನ್ನು ಗೊತ್ತುಮಾಡಲಾಯಿತು. ಮಾದರಿಯೊಂದನ್ನು ಶ್ರೀರಂಗಪಟ್ಟಣದಿಂದಲೇ ಕಳುಹಿಸಲಾಯಿತು. ಆದರೆ 1799ರ ಮೇ ತಿಂಗಳಲ್ಲಿ ಕೋಟೆ ಬಿದ್ದು, ಯೋಜನೆ ಅಲ್ಲಿಗೇ ನಿಂತಿತು.

ಮರುವರ್ಷವೇ ಲಂಡನ್ನಿನಲ್ಲಿ ರಾಬರ್ಟ್ ಕೆರ್ ಪೋರ್ಟರ್ ಎಂಬ ತರುಣ ಕಲಾವಿದ ಶ್ರೀರಂಗಪಟ್ಟಣದ ಪತನವನ್ನು ಸುಮಾರು 120 ಅಡಿ ಉದ್ದದ ಬಟ್ಟೆಯ ಮೇಲೆ ಬರೆದು ಪ್ರದರ್ಶಿಸಿದ. ಜನ ಹಣ ಕೊಟ್ಟು ನೋಡಿದರು. ವೆಂಡ್ರಾಮಿನಿ ಎಂಬಾತ ಅದನ್ನು ತಾಮ್ರದ ತಗಡಿನಲ್ಲಿ ಕೊರೆದು ಅಚ್ಚುಹಾಕಿದ. ದೊಡ್ಡ ಚಿತ್ರ ಹೀಗೆ ಕೊಂಡು ಮನೆಗೊಯ್ಯುವ ಸರಕಾಯಿತು. ಇಂದಿನ ಕ್ಯಾನ್ವಾಸ್ ಪ್ರತಿಗಳೂ ಇದೇ ದಾರಿಯಲ್ಲಿ ಬಂದವು. ಕೊರೆದ ತಗಡಿನ ಬದಲು ಯಂತ್ರ ಶಾಯಿಯನ್ನು ಸಿಂಪಡಿಸುತ್ತದೆ, ಅಷ್ಟೇ.

ಯೂರೋಪಿನಲ್ಲಿ ನೌಕಾಪಡೆಗಳಿದ್ದಂತೆ ಅವುಗಳ ಚಿತ್ರ ಬರೆಯುವವರೂ, ಅಚ್ಚುಹಾಕುವವರೂ, ಕೊಳ್ಳುವವರೂ ಇದ್ದರು. ಅವರ ಹಡಗುಗಳು ಇಂದಿಗೂ ಗೋಡೆಗಳ ಮೇಲೆ ತೇಲುತ್ತಿವೆ. ಮಂಗಳೂರಿನಲ್ಲಿ ನಾಶವಾದ ಹಡಗುಗಳಿಗೆ ಆ ಭಾಗ್ಯ ಬರಲಿಲ್ಲ. ಅಂದವೆಂದು ಕಡಲ ಕಾಳಗದ ಚಿತ್ರ ತೂಗುಹಾಕುವುದರಲ್ಲಿ ತಪ್ಪೇನಿಲ್ಲ. ಆದರೆ ಅದು ಯಾವ ಕದನ, ಯಾವ ಇಸವಿ, ಗೆದ್ದವರು ಯಾರು ಎಂಬುದನ್ನು ಚಿತ್ರದ ಕೆಳಗೊಂದು ಚೀಟಿಯಲ್ಲಿ ಬರೆದಿಟ್ಟರೆ ಮನೆಯ ಮಕ್ಕಳಿಗೆ ಉಪಯೋಗವಾದೀತು. ನಮ್ಮ ಹಡಗುಗಳು ಎಲ್ಲಿ ಎಂದು ಅವರು ಕೇಳಿದರೆ, ಹೇಳಲು ಒಂದು ಕಥೆಯಂತೂ ಇದೆ.